ಎರಡು ನಳ

ಮೂರನೇತ್ತಾ ಕೂಸು. ಹಲ್ಲು ಬಿದ್ದ ಸಂದಿನ್ಯಾಗಿಂದ
ಒಂದೊಂದ ಅಕ್ಷರ ನೂಕಿ ಓದತಾಳ:
"ಒಂದು ತೊಟ್ಟಿಗೆ ಎರಡು ನಲ್ಲಿಗಳಿವೆ.
ಮೊದಲನೆಯದು ಆರು ಗಂಟೆಯಲ್ಲಿ ತುಂಬಿಸುತ್ತದೆ.
ಎರಡನೆಯದು ಎಂಟು ಗಂಟೆಯಲ್ಲಿ ಬರಿದು ಮಾಡುತ್ತದೆ.
ಎರಡನ್ನೂ ಒಟ್ಟಿಗೆ ತೆರೆದರೆ…"
ಅಲ್ಲಿಗೆ ನಿಂತಳು.
"ಅಪ್ಪಾ, ಎರಡೂ ತೆರದವರು ಯಾರು?"

ನಾ ಆಗಷ್ಟ ಡ್ಯೂಟಿ ಮುಗಿಸಿ ಬಂದಾಂವ.
ಸಿಂದಗಿಗೆ ಮೂರು ಸಲ ಹೋಗಿ ಬಂದ ಕಾಲು,
ಗೂಟಕ್ಕ ಹಾಕಿದ ಖಾಕಿ ಅಂಗಿ ಕಿಸೇದಾಗ ಇನ್ನೂ ಚಿಲ್ಲರೆ ಸಪ್ಪಳ.
ಟಿಕೀಟಿನ ಮಷೀನ್ ಬರೂ ಮೊದಲ
ಫುಲ್ಲು, ಹಾಫು, ಲಗೇಜು, ಬುಟ್ಟ್ಯಾಗ ಎರಡು ಕೋಳಿ,
ದೇವರ ಹಿಪ್ಪರಗ್ಯಾಗ ಇಳಿಯೂ ಮುದುಕಿಗೆ ಬಾಕಿ ಹನ್ನೊಂದು ರೂಪಾಯಿ,
ಎಲ್ಲಾ ಬಾಯಾಗ ಹಿಡಿದಾಂವ.
ಬಾ ಇಲ್ಲೆ, ಅಂದೆ. ಪೆನ್ಸಿಲ್ ತಗೊಂಡೆ.
ಆರು, ಎಂಟು. ಕೂಡಿಸಿದೆ, ಹದಿನಾಲ್ಕು.
ಕಳದೆ, ಎರಡು.
ಎರಡೂ ಸುಳ್ಳು ಅನ್ನೂದು ಗೊತ್ತಾತು.
ಖರೆ ಯಾವುದು, ಗೊತ್ತಾಗಲಿಲ್ಲ.
ರಬ್ಬರ್ ತಿಕ್ಕಿ ತಿಕ್ಕಿ ಹಾಳಿ ಹರೀತು.

ಒಳಗಿಂದ ಅವ್ವ:
"ಕೆಳಗ ತೂತು ಬಿಟ್ಟು ಮ್ಯಾಲೆ ನೀರು ತುಂಬೂ ಹುಚ್ಚ ಯಾವಾಂವ?
ಈ ಜೋರಾಪುರ ಪೇಟ್ಯಾಗ
ಎಂಟು ದಿನಕ್ಕೊಮ್ಮೆ ನಳಾ ಬರತೈತಿ.
ಬೂಚು ಹಾಕಂತ ಹೇಳು ಅವಗ."

ಬಾಜೂ ಮನಿ ದಸ್ತಗೀರ ಬಂದ. ಪ್ಲಂಬರ್.
"ಪೈಪು ಅರ್ಧ ಇಂಚಿಂದೋ, ಮುಕ್ಕಾಲೋ?
ಪ್ರೆಶರ್ ಎಷ್ಟು? ಇದೇನೂ ಬರೀಲಾರದ
ಹೆಂಗ ಹೇಳೂದ್ರಿ?" ಸಿಟ್ಟಿಗೆದ್ದು ಹೋದ.
ಮತ್ತ ಬಂದ, ಕಿವ್ಯಾಗ ಪೆನ್ನು ಸಿಗಿಸಿಕೊಂಡು.

ಈ ನಡುವ ನಾ ಒಮ್ಮೆ ಒದರಿದ್ದೆ:
ಇಷ್ಟೂ ಬರಂಗಿಲ್ಲೇನು ನಿನಗ?
ಯಾರಿಗೆ ಬರತಿರಲಿಲ್ಲ ಅನ್ನೂದು
ಮನೀ ಮಂದಿಗೆಲ್ಲಾ ಗೊತ್ತಿತ್ತು.

ಹತ್ತಕ್ಕ ಕುಳಗೇರಿ ಮಾಸ್ತರಿಗೆ ಫೋನ್ ಹಚ್ಚಿದ್ವಿ.
ರಿಟೈರ್ ಆಗಿ ಒಂಬತ್ತು ವರ್ಷ, ನಿದ್ದಿಗಣ್ಣು, ಕೆಮ್ಮು.
"ಲ.ಸಾ.ಅ. ತಗೋರಿ," ಅಂದ್ರು ಸ್ಪೀಕರಿನ್ಯಾಗ.
ಕೂಸು ಕೇಳಿತು, "ಲಸಾಅ ಅಂದ್ರ ಯಾರ್ರಿ?"
ಆ ಕಡೆ ಸುಮ್ಮನಾತು. ಆಮ್ಯಾಲೆ ಮೆತ್ತಗ:
"ಎಷ್ಟನೇತ್ತಾ ಅವ್ವಿ ನೀ?"
"ಮೂರು."
"ಮೂರು," ಅಂದ್ರು ಮಾಸ್ತರು.
ಮತ್ತೊಮ್ಮೆ "ಮೂರು" ಅಂದ್ರು,
ಅದ ಉತ್ತರ ಇದ್ದಂಗ.

ಇಪ್ಪತ್ತುನಾಲ್ಕು ತಾಸು ಅಂತ, ಕಡೀಕ.
ದಸ್ತಗೀರ ನನ್ನ ಕೈ ಕುಲುಕಿದ.
ಗೆದ್ವಿ ಅಂತ ತಿರುಗಿ ನೋಡಿದ್ರ
ಸಮೃದ್ಧಿ ವಹಿ ಮ್ಯಾಲೆ ಗಲ್ಲ ಇಟ್ಟು ಮಲಗ್ಯಾಳ.
ಎತ್ತಿದಾಗ ಗಲ್ಲಕ್ಕ ನನ್ನ ಪೆನ್ಸಿಲಿನ ಆರು
ತಿರುವುಮುರುವು ಅಚ್ಚಾಗಿತ್ತು.
ಶೇಂಗಾ ಕುಟ್ಟೂದು ನಿಲ್ಲಿಸಿ
ಅವಳ ಅವ್ವ ನನ್ನ ನೋಡಿದಳು. ಏನೂ ಅನಲಿಲ್ಲ.
ಅಂದಿದ್ರ ಚಲೋ ಇತ್ತು.

ರಾತ್ರಿ ಮೂರಕ್ಕ ಓಣಿ ಒದರಿತು: ನಳಾ ಬಂತೂ!
ಕೊಡಾ, ಬಕೀಟು, ಬ್ಯಾರಲ್, ಕುಕ್ಕರ್ ಸುದ್ದಾ.
ಲೈಟ್ ಹತ್ತಿದ್ದು, ಜಗಳಾ ಹತ್ತಿದ್ದು ಒಮ್ಮೆಲೆ.
ಆ ಗದ್ದಲದಾಗ ಆಕಿ ಎದ್ದು ಬಂದು
ಅರ್ಧ ಕಣ್ಣು ಮುಚ್ಚಿಕೊಂಡ
ಟಾಕಿ ಕೆಳಗ ತೊಟ್ಟಿಕ್ಕೂ ನಳಕ್ಕ ಬೆರಳು ಹಿಡಿದು ಕುಂತಳು.
ತುಂಬೂತನಾ ಏಳಲಿಲ್ಲ.

ಮುಂಜಾನೆ ಪಾಟಿಚೀಲದಾಗ ಡಬ್ಬಿ ಇಡೂವಾಗ ನೋಡಿದೆ.
ನನ್ನ ಇಪ್ಪತ್ತುನಾಲ್ಕು ಅಳಿಸ್ಯಾಳ.
ಅದರ ಜಾಗಾದಾಗ, ಗೆರಿ ಬಿಟ್ಟು ಇಳದ ಅಕ್ಷರ:
"ಮೊದಲು ಕೆಳಗಿನ ನಳ ಬಂದ್ ಮಾಡ್ರಿ."
ಬಾಜೂಕ ಒಂದು ಟಾಕಿ. ಒಂದು ಹುಡುಗಿ.
ಹುಡುಗಿಗೆ ಬರೇ ಒಂದ ಬೆರಳು, ಭಾಳ ಉದ್ದಂದು.

ತಿದ್ದಬೇಕೋ ಬಿಡಬೇಕೋ.
ಟೀಚರ್ ಕೆಂಪು ಪೆನ್ನು ಕಣ್ಣಿಗೆ ಬಂತು.
ಹಂಗ ಚೀಲದಾಗ ಇಟ್ಟೆ.

ಆರರ ಸಿಂದಗಿ ಗಾಡಿ. ಸ್ಟ್ಯಾಂಡಿನ್ಯಾಗ ಇನ್ನೂ ಕತ್ತಲ.
ಬಾಗಲಾ ಬಡದು "ರೈಟ್" ಅಂದೆ, ಗಟ್ಟಿ ಧನಿಲೆ.
ಡ್ರೈವರ್ ಹೊಳ್ಳಿ ನೋಡಿದ:
"ಯಾರಿಗಪಾ? ಇನ್ನೂ ಒಬ್ರೂ ಹತ್ತಿಲ್ಲಲ್ಲ?"